ಗುಡ್ಡದ ಮೇಲಿನ ಅಡಿಗೆಮನೆ

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗುವವರು ನಮ್ಮ ತೆಕ್ಕಲಕೋಟೆಯನ್ನು ಕಿಟಕಿಯಿಂದ ನೋಡಿಯೇ ಮುಗಿಸುತ್ತಾರೆ. ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿ, ಅವುಗಳ ಹಿಂದೆ ಯಾರೋ ಬುಟ್ಟಿಯಿಂದ ಸುರುವಿ ಹೋದ ಹಾಗೆ ಬಂಡೆಗುಂಡುಗಳ ಗುಡ್ಡ. ಊರಿನವರಾದ ನಮಗೂ ಅದು ಆಡು ಮೇಯಿಸುವ ಜಾಗವೇ ಹೊರತು ಬೇರೇನಲ್ಲ. ಆದರೆ ಪ್ರಾಚೀನ ಚರಿತ್ರೆ ಓದಿದವರಿಗೆ ತೆಕ್ಕಲಕೋಟೆ ಎಂದೊಡನೆ ನೆನಪಾಗುವುದು ಈ ಗುಡ್ಡವೇ. 1963-64ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಡಾ. ಎಂ.ಎಸ್. ನಾಗರಾಜರಾಯರು ಇಲ್ಲಿ ನೆಲ ಅಗೆಸಿ ನೋಡಿದರು. ಅವರೂ ಕೆ.ಸಿ. ಮಲ್ಹೋತ್ರ ಅವರೂ ಸೇರಿ ಬರೆದ ಪುಸ್ತಕ 1965ರಲ್ಲಿ ಅಚ್ಚಾಯಿತು. ಇಂಗ್ಲಿಷ್ ಪುಸ್ತಕ; ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ತೆಕ್ಕಲಕೋಟೆಯ ಶಿಲಾಯುಗದ ಗುಡ್ಡವಾಸಿಗಳು’ ಎಂದಾಗುತ್ತದೆ. ನಾಗರಾಜರಾಯರು ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾದರು. ಅವರ ಹೆಸರು ಹೇಳಿದರೆ ಹಂಪಿಯನ್ನು ನೆನೆಯುವವರೇ ಹೆಚ್ಚು. ನಮ್ಮ ಗುಡ್ಡವನ್ನು ನೆನೆಯುವವರು ಕಡಿಮೆ.

ನಾನು ಆ ಪುಸ್ತಕದ ವಿಷಯವನ್ನು ಮತ್ತೆ ತಲೆಗೆ ಹಚ್ಚಿಕೊಳ್ಳಲು ಕಾರಣವಾದದ್ದು ಬಲು ದೂರದ ಇನ್ನೊಂದು ಬೆಟ್ಟ. ನನ್ನ ತಂಗಿಯ ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾಳೆ. ಚಳಿಗಾಲದ ರಜೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಆಸ್ಟ್ರಿಯದ ಆಲ್ಪ್ಸ್ ಬೆಟ್ಟಕ್ಕೆ ಸ್ಕೀ ಆಡಲು ಹೋಗಿದ್ದರು. ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು ಸ್ಕೀ. ಅವಳು ಕಳಿಸಿದ ಪಟಗಳಲ್ಲಿ ಜಾರುವುದಕ್ಕಿಂತ ಉಣ್ಣುವುದೇ ಹೆಚ್ಚಾಗಿತ್ತು. ಸುತ್ತ ಹಿಮ, ನಡುವೆ ಮರದ ಮನೆ, ಬಿಸಿಲಿಗೆ ಹಾಕಿದ ಬೆಂಚು, ಹೊಗೆಯಾಡುವ ಬಟ್ಟಲು. ಫೋನಿನಲ್ಲಿ ಹೇಳಿದಳು: “ದೊಡ್ಡಮ್ಮಾ, ಏಳು ಸಾವಿರ ಅಡಿ ಮ್ಯಾಲೆ ಬಿಸಿಬಿಸಿ ಸಾರು ಸಿಗತೈತಿ ನೋಡು. ಆದ್ರೆ ಒಂದು ಬಾಟ್ಲಿ ನೀರಿಗೆ ಎಷ್ಟು ರೊಕ್ಕ ಕೊಟ್ವಿ ಅಂತ ಹೇಳಿದ್ರೆ ನೀನು ಬೈತಿ.”

ನಾನು ಬೈಯಲಿಲ್ಲ. ಆ ಸಾರಿನ ಸಾಮಾನು, ಒಲೆಯ ಉರುವಲು, ಆ ನೀರು, ಇವನ್ನೆಲ್ಲ ಅಷ್ಟು ಎತ್ತರಕ್ಕೆ ಒಯ್ದವರು ಯಾರು ಎಂದು ಕೇಳಿದೆ. ಪಾಪ, ಅವಳಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಂಡು ಹೇಳುತ್ತೇನೆ ಎಂದಳು. ಅಷ್ಟರೊಳಗೆ ನನ್ನ ಮನಸ್ಸು ನಮ್ಮ ಗುಡ್ಡ ಹತ್ತಿ ಕೂತಿತ್ತು.

ಇಂದಿಗೆ ಸುಮಾರು ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ನಮ್ಮ ಗುಡ್ಡದ ಮೇಲೆ ಜನ ವಾಸವಾಗಿದ್ದರು. ಬಂಡೆಗಳ ನಡುವಿನ ಸಮತಟ್ಟಾದ ಜಾಗವನ್ನು ಹುಡುಕಿ ದುಂಡನೆಯ ಗುಡಿಸಲು ಹಾಕಿಕೊಂಡಿದ್ದರು. ಅಗೆದವರಿಗೆ ಸಿಕ್ಕಿದ್ದು ಗೂಟ ನೆಟ್ಟ ಕುಳಿಗಳು, ಮೆತ್ತಿದ ನೆಲ, ಒಲೆ, ಗಡಿಗೆ-ಬಟ್ಟಲುಗಳ ಚೂರು, ಕಲ್ಲಿನ ಕೊಡಲಿ, ಅರೆಯುವ ಕಲ್ಲು, ದನ-ಆಡು-ಕುರಿಗಳ ಮೂಳೆ. ನಾಗರಾಜರಾಯರು ಮಾಡಿದ ಒಂದು ಕೆಲಸ ನನಗೆ ಬಹಳ ಮೆಚ್ಚುಗೆಯಾಗಿದೆ. ಅವರು ಆ ಗುಡಿಸಲು ಹೇಗಿದ್ದಿರಬಹುದೆಂದು ತಿಳಿಯಲು ಕೆಳಗಿನ ಊರಿಗೆ ಇಳಿದು ಬೋಯರ ದುಂಡು ಗುಡಿಸಲುಗಳನ್ನು ನೋಡಿದರು. ಗೂಟ ಎಲ್ಲಿ, ಒಲೆ ಎಲ್ಲಿ, ಗಡಿಗೆ ಎಲ್ಲಿ ಎಂದು ಹೋಲಿಸಿದರು. ದೊಡ್ಡ ವಿದ್ವಾಂಸರಿಗೆ ಉತ್ತರ ಸಿಕ್ಕಿದ್ದು ನಮ್ಮೂರ ಬಡವರ ಮನೆಯ ಅಡಿಗೆಯ ಮೂಲೆಯಲ್ಲಿ. ಇತಿಹಾಸದ ಪಾಠಪುಸ್ತಕಗಳಲ್ಲಿ ಇಂಥ ಮಾತನ್ನು ಬರೆಯುವುದಿಲ್ಲ. ಕೊಡಲಿಯ ಚಿತ್ರ ಹಾಕುತ್ತಾರೆ, ಅರೆಯುವ ಕಲ್ಲಿನ ಹೆಸರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಕೊಡಲಿ ಗಂಡಸಿನದು, ಕಲ್ಲು ಹೆಂಗಸಿನದು ಎಂದು ಅದಕ್ಕೆ ಕಾರಣವೋ ಏನೋ.

ಅವರು ಏನು ಉಣ್ಣುತ್ತಿದ್ದರು? ಬಿ.ಎ.ಗೆ ಓದುವಾಗ ನಾನು ಸುಮ್ಮನೆ ಜೋಳದ ರೊಟ್ಟಿ ಎಂದುಕೊಂಡಿದ್ದವಳು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವರಿಗೆ ಜೋಳವಿಲ್ಲದ ಕಾಲವನ್ನು ಎಣಿಸಿಕೊಳ್ಳುವುದೇ ಕಷ್ಟ. ಆದರೆ ಜೋಳ ಆಫ್ರಿಕದಿಂದ ಬಂದ ಧಾನ್ಯ. ಸಜ್ಜೆಯೂ ರಾಗಿಯೂ ಅಲ್ಲಿಯವೇ. ಹಸಿಮೆಣಸಿನಕಾಯಿ, ಶೇಂಗಾ, ಟೊಮ್ಯಾಟೊ, ಆಲೂಗಡ್ಡೆ ಎಲ್ಲ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು, ಅದೂ ಪೋರ್ಚುಗೀಸರು ನಮ್ಮ ದೇಶಕ್ಕೆ ಕಾಲಿಟ್ಟ ಮೇಲೆ, ಎಂದರೆ 1498ರ ಈಚೆಗೆ. ಆದ್ದರಿಂದ ಗುಡ್ಡದ ಮೇಲಿನ ಆ ಅಡಿಗೆಮನೆಯಲ್ಲಿ ರೊಟ್ಟಿಯ ಜೋಳವಿಲ್ಲ, ಚಟ್ನಿಯ ಶೇಂಗಾ ಇಲ್ಲ, ಒಗ್ಗರಣೆಯ ಮೆಣಸಿನಕಾಯಿ ಇಲ್ಲ. ನಮ್ಮನ್ನು ಅಲ್ಲಿ ಒಂದು ಹೊತ್ತು ಬಿಟ್ಟರೆ ಏನು ಬೇಯಿಸಬೇಕೆಂದು ತಿಳಿಯದೆ ಒಲೆಯ ಮುಂದೆ ಕೂತುಬಿಡುತ್ತೇವೆ.

ಅವರ ಬಳಿ ಇದ್ದದ್ದು ಹುರುಳಿ. ಸುಟ್ಟು ಕರಿದಾದ ಹುರುಳಿ ಕಾಳು ತೆಕ್ಕಲಕೋಟೆಯ ಮಣ್ಣಿನಲ್ಲೇ ಸಿಕ್ಕಿದೆ. ಮುಂದೆ, ಸುಮಾರು 1998ರಿಂದ ಈಚೆಗೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊ. ರವಿ ಕೋರಿಶೆಟ್ಟರ್ ಮತ್ತು ಡೋರಿಯನ್ ಫುಲ್ಲರ್ ಎಂಬ ವಿದ್ವಾಂಸರು ಬಳ್ಳಾರಿ ಸೀಮೆಯ ಇಂಥ ಗುಡ್ಡಗಳ ಮಣ್ಣನ್ನು ನೀರಿನಲ್ಲಿ ಕಲಸಿ, ತೇಲಿಬಂದ ಕರಿಕಾಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ನಾವು ಅಕ್ಕಿ ತೊಳೆಯುವಾಗ ಜೊಳ್ಳು ತೇಲಿಸುತ್ತೇವಲ್ಲ, ಅದೇ ಉಪಾಯ! ಅವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಎರಡು ಬೇಳೆಕಾಳು, ಎರಡು ಸಣ್ಣ ಧಾನ್ಯ. ಹುರುಳಿ ಮತ್ತು ಹೆಸರು. ಕೊರಲೆ ಮತ್ತು ನವಣೆಯ ಜಾತಿಗೆ ಸೇರಿದ ಒಂದು ಹುಲ್ಲಿನ ಕಾಳು. ಕೊರಲೆಯನ್ನು ಈಗಲೂ ತುಮಕೂರು-ಚಿತ್ರದುರ್ಗದ ಕಡೆಯ ಒಣ ಹೊಲಗಳಲ್ಲಿ ಬೆಳೆಯುವವರಿದ್ದಾರೆ. ಪಟ್ಟಣದ ಅಂಗಡಿಗಳಲ್ಲಿ ‘ಸಿರಿಧಾನ್ಯ’ ಎಂದು ಚಂದದ ಪೊಟ್ಟಣದಲ್ಲಿ ಮಾರುತ್ತಾರೆ. ನಮ್ಮ ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ ಊಟ ಗುಡ್ಡದ ಹೆಂಗಸು ದಿನವೂ ಬೇಯಿಸುತ್ತಿದ್ದ ಊಟವೇ ಆಗಿದೆ ನೋಡಿ.

ಬೇಯಿಸುವುದು ಆಮೇಲಿನ ಮಾತು. ಮೊದಲು ಕುಟ್ಟಬೇಕು, ಕೇರಬೇಕು, ಅರೆಯಬೇಕು. ಕೊರಲೆಯ ಸಿಪ್ಪೆ ಸುಲಭಕ್ಕೆ ಬಿಡುವುದಿಲ್ಲ. ಆಗ ನಮ್ಮ ಅಜ್ಜಿಯರ ಕಾಲದ, ಗೂಟ ಹಿಡಿದು ತಿರುಗಿಸುವ ಬೀಸುಕಲ್ಲು ಇರಲಿಲ್ಲ. ಅದು ಎಷ್ಟೋ ಶತಮಾನಗಳ ಮೇಲೆ ಬಂದ ಸಲಕರಣೆ. ಇದ್ದದ್ದು ತಗ್ಗಾದ ಹಾಸುಗಲ್ಲು, ಅದರ ಮೇಲೆ ಎರಡೂ ಕೈಯಿಂದ ಹಿಂದೆ ಮುಂದೆ ತಳ್ಳುವ ಇನ್ನೊಂದು ಕಲ್ಲು. ಮೊಣಕಾಲೂರಿ ಕೂತು ಮೈಯ ಭಾರವನ್ನೆಲ್ಲ ಹಾಕಬೇಕು. ಬಂಡೆಯ ಮೇಲೆಯೇ ಅರೆದು ಅರೆದು ನುಣುಪಾದ ತಗ್ಗುಗಳು ಈ ಸೀಮೆಯ ಗುಡ್ಡಗಳಲ್ಲಿವೆ. ಆ ನುಣುಪಿನ ಮೇಲೆ ಕೈಯಾಡಿಸಿದಾಗ ನನಗೆ ರಾಜರ ಶಾಸನ ಮುಟ್ಟಿದ್ದಕ್ಕಿಂತ ಹೆಚ್ಚು ಏನೋ ಆಗುತ್ತದೆ. ಶಾಸನವನ್ನು ಒಬ್ಬ ಕೆತ್ತುತ್ತಾನೆ, ಕೆಲವು ದಿನ. ಈ ತಗ್ಗು ಆಗುವುದಕ್ಕೆ ತಾಯಿ, ಸೊಸೆ, ಮೊಮ್ಮಗಳು ಎಷ್ಟು ತಲೆಮಾರು ಕೂತಿರಬೇಕು!

ಆ ಮನೆಗಳಲ್ಲಿ ಅಗೆದವರಿಗೆ ಇನ್ನೊಂದು ಸಿಕ್ಕಿತು. ಎಳೆಯ ಮಕ್ಕಳನ್ನು ಗಡಿಗೆಯಲ್ಲಿಟ್ಟು ಹೂಳಿದ್ದರು. ಬೇಯಿಸಲು, ಕಾಳು ತುಂಬಿಡಲು ಬಳಸುವಂಥ ಮಣ್ಣಿನ ಗಡಿಗೆಯೇ. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡುವಾಗ ಬೇಗ ಬೇಗ ಹೇಳಿ ಮುಂದಕ್ಕೆ ಹೋಗುತ್ತೇನೆ.

ಇಷ್ಟು ಕಷ್ಟಪಟ್ಟು ಗುಡ್ಡದ ಮೇಲೆ ಯಾಕೆ ಇರಬೇಕಾಗಿತ್ತು? ಕೆಳಗೆ ಎರೆಭೂಮಿ ಇತ್ತಲ್ಲ ಎಂದು ಈಗಿನವರು ಕೇಳಬಹುದು. ಎರೆಭೂಮಿ ಮಳೆ ಬಂದರೆ ಕಾಲು ಹಿಡಿಯುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಕಲ್ಲಿನ ಹತ್ಯಾರದವರಿಗೆ ಅದು ಸುಲಭಕ್ಕೆ ಒಲಿಯುವ ನೆಲವಲ್ಲ. ಗುಡ್ಡದ ಮೇಲೆ ಗಾಳಿಯಿದೆ, ದನಗಳ ಮೇಲೆ ಕಣ್ಣಿಡಬಹುದು, ಕೊಡಲಿಗೆ ಕಲ್ಲಿದೆ. ಮಳೆಗಾಲದಲ್ಲಿ ಬಂಡೆಯ ದೊಣೆಗಳಲ್ಲಿ ನೀರೂ ನಿಲ್ಲುತ್ತದೆ. ಆದರೆ ದೊಣೆಯ ನೀರು ಎಷ್ಟು ದಿನ? ಬಳ್ಳಾರಿಯ ಬೇಸಗೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ದೊಣೆ ಬತ್ತಿದ ಮೇಲೆ ಗಡಿಗೆ ಹಿಡಿದು ಇಳಿಯಬೇಕು, ತುಂಬಿಕೊಂಡು ಹತ್ತಬೇಕು.

ಅವರ ನಿಜವಾದ ಆಸ್ತಿ ದನ. ಕುಡತಿನಿಯ ಹತ್ತಿರ, ಕುಪ್ಪಗಲ್ಲಿನ ಕಡೆ, ಹಂಪಿಯ ಬಳಿಯ ನಿಂಬಾಪುರದಲ್ಲಿ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬಿದ್ದಾರೆ. ಆಲ್ಚಿನ್ ಎಂಬ ವಿದ್ವಾಂಸರು ತುಂಗಭದ್ರೆಯಾಚೆಯ ಉಟ್ನೂರಿನಲ್ಲಿ 1957ರಲ್ಲಿ ಅಗೆಸಿ ನೋಡಿ, ಇದು ದನದ ಹಟ್ಟಿಯ ಸಗಣಿ ಸುಟ್ಟ ಬೂದಿ, ಮತ್ತೆ ಮತ್ತೆ ಪೇರಿಸಿ ಮತ್ತೆ ಮತ್ತೆ ಬೆಂಕಿಯಿಟ್ಟದ್ದು ಎಂದು ತೋರಿಸಿದರು. ಅಂಥ ಜಾಗಗಳಲ್ಲಿ ಸುತ್ತಲಿನ ಗುಡ್ಡದವರೆಲ್ಲ ವರ್ಷದ ಯಾವುದೋ ಕಾಲಕ್ಕೆ ದನದೊಂದಿಗೆ ಕೂಡುತ್ತಿದ್ದರು, ದನ ಕಡಿದು ದೊಡ್ಡ ಊಟ ಹಾಕುತ್ತಿದ್ದರು ಎಂದು ಈಚಿನ ಸಂಶೋಧಕರು ಹೇಳುತ್ತಾರೆ. ಜಾತ್ರೆ ಎನ್ನಿ. ದಿನದ ಊಟ ಗುಡ್ಡದ ಮೇಲೆ ಹುರುಳಿಯದು, ಹಬ್ಬದ ಊಟ ಹಟ್ಟಿಯಲ್ಲಿ ಮಾಂಸದ್ದು.

ದನದ ಮಾತು ಬಂದದ್ದು ಒಳ್ಳೆಯದಾಯಿತು. ಯಾಕೆಂದರೆ ಆಲ್ಪ್ಸ್ ಬೆಟ್ಟದ ಮೇಲಿನ ಊಟದ ಮನೆಗಳ ಮೂಲವೂ ದನವೇ. ತಂಗಿಯ ಮಗಳು ಕೂತು ಉಂಡ ಮರದ ಮನೆಯಂಥವು ಎಷ್ಟೋ ಕಡೆ ಹಿಂದೆ ದನಗಾಹಿಗಳ ಬಿಡಾರಗಳಾಗಿದ್ದವು. ಅಲ್ಲಿಯ ರೈತರು ಬೇಸಗೆಯಲ್ಲಿ ಹಿಮ ಕರಗಿದೊಡನೆ ದನಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ, ಚಳಿ ಬೀಳುವ ಮೊದಲು ಇಳಿಸುತ್ತಾರೆ. ಹಾಲನ್ನು ದಿನದಿನವೂ ಕೆಳಗೆ ಸಾಗಿಸಲಾಗದು. ಅದಕ್ಕೇ ಅಲ್ಲೇ ಬೆಣ್ಣೆ ತೆಗೆದು ಚೀಸ್ ಗಟ್ಟಿಮಾಡುತ್ತಿದ್ದರು. ಚೀಸ್ ಹುಟ್ಟಿದ್ದು ನಾಲಗೆಯ ಚಪಲಕ್ಕಲ್ಲ, ಹೊರೆ ಹಗುರ ಮಾಡಿಕೊಳ್ಳಲು. ಆಸ್ಟ್ರಿಯ, ಬವೇರಿಯಗಳ ಕಡೆ ಈ ಬಿಡಾರ ನಡೆಸುತ್ತಿದ್ದವರಲ್ಲಿ ಹೆಂಗಸರು ಬಹಳ. ಅಂಥವಳನ್ನು ಸೆನ್ನೆರಿನ್ ಎನ್ನುತ್ತಾರೆ. ಬೇಸಗೆಯುದ್ದಕ್ಕೂ ಮನೆ ಬಿಟ್ಟು ಬೆಟ್ಟದ ಮೇಲೆ ಹಾಲು ಕರೆದು, ಕಡೆದು, ಹಾದುಹೋಗುವವರಿಗೆ ಒಂದು ತುಂಡು ರೊಟ್ಟಿ, ಒಂದು ಬಟ್ಟಲು ಹಾಲು ಕೊಡುತ್ತಿದ್ದವಳು.

ನಮ್ಮ ಹುಡುಗಿ ಅಲ್ಲಿ ಕೈಸರ್‌ಶ್ಮಾರ್ನ್ ಎಂಬ ತಿಂಡಿ ತಿಂದಳಂತೆ. ಮೊಟ್ಟೆ, ಹಾಲು, ಹಿಟ್ಟು ಕಲಸಿ ದಪ್ಪ ದೋಸೆ ಹುಯ್ದು, ಚೂರು ಚೂರು ಹರಿದು, ಸಕ್ಕರೆ ಉದುರಿಸಿ ಹಣ್ಣಿನ ಗೊಜ್ಜಿನೊಡನೆ ಕೊಡುತ್ತಾರೆ. ಕೈಸರ್ ಎಂದರೆ ಚಕ್ರವರ್ತಿ. ಚಕ್ರವರ್ತಿ ಫ್ರಾನ್ಸ್ ಜೋಸೆಫನಿಗೆ ಪ್ರಿಯವಾದ್ದರಿಂದ ಆ ಹೆಸರು ಎಂದು ಒಂದು ಕತೆ. ಇಲ್ಲ, ಅದು ‘ಕಾಸರ್’, ಎಂದರೆ ದನಗಾಹಿಗಳ ಬಿಡಾರದ ತಿಂಡಿ, ಆಮೇಲೆ ಚಕ್ರವರ್ತಿಯ ಹೆಸರು ಅಂಟಿಕೊಂಡಿತು ಎಂದು ಇನ್ನೊಂದು ಕತೆ. ಯಾವುದು ನಿಜವೋ, ನನ್ನ ಓಟು ಎರಡನೆಯದಕ್ಕೆ. ಹರಿದ ದೋಸೆಯನ್ನು ಮಕ್ಕಳ ತಟ್ಟೆಗೆ ಹಾಕಿ ಸಕ್ಕರೆ ಉದುರಿಸಿ ಸಮಾಧಾನ ಮಾಡುವುದನ್ನು ಅರಮನೆಯವರಿಂದ ಕಲಿಯಬೇಕಾಗಿಲ್ಲ.

ಆಲ್ಪ್ಸ್‌ನಲ್ಲಿ ಬೆಟ್ಟದ ಮೇಲೆ ಊಟ ಹಾಕಿದವರಲ್ಲಿ ಸನ್ಯಾಸಿಗಳೂ ಇದ್ದರು. ಇಟಲಿ-ಸ್ವಿಟ್ಜರ್ಲೆಂಡ್ ನಡುವಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿ 2,469 ಮೀಟರ್ ಎತ್ತರದಲ್ಲಿದೆ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ಒಂದು ಛತ್ರ ಹುಟ್ಟಿತು. ಹಿಮದಲ್ಲಿ ಬಂದ ಯಾತ್ರಿಕರಿಗೆ ಜಾತಿ-ಹಣ ಕೇಳದೆ ಊಟ, ಬೆಂಕಿ, ಹಾಸಿಗೆ. ನಮ್ಮ ಮಠಗಳ ದಾಸೋಹದ ಹಾಗೆ. 1800ರ ಮೇ ತಿಂಗಳಲ್ಲಿ ನೆಪೋಲಿಯನ್ನನ ಸಾವಿರಾರು ಸೈನಿಕರು ಅದೇ ದಾರಿಯಲ್ಲಿ ದಾಟಿದಾಗ ಅವರಿಗೂ ಈ ಸನ್ಯಾಸಿಗಳು ರೊಟ್ಟಿ, ಚೀಸ್, ದ್ರಾಕ್ಷಾರಸ ಕೊಟ್ಟು ಕಳಿಸಿದರು. ಬೆಟ್ಟಕ್ಕೆ ಸುಮ್ಮನೆ ಸಂತೋಷಕ್ಕಾಗಿ ಹತ್ತುವವರು ಬಂದದ್ದು ಬಹಳ ಈಚೆಗೆ. 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್, 1863ರಲ್ಲಿ ಸ್ವಿಟ್ಜರ್ಲೆಂಡಿನವರ ಕ್ಲಬ್ ಹುಟ್ಟಿದವು. ಅದೇ ವರ್ಷ ಸ್ವಿಸ್ ಕ್ಲಬ್ಬಿನವರು ಮೊದಲ ಆಸರೆಮನೆ ಕಟ್ಟಿದರು. ಸ್ಕೀ ಅಂತೂ ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಾರ್ವೆ ಕಡೆಯಿಂದ ಬಂದ ಹವ್ಯಾಸ. ಆಮೇಲೆ ತಂತಿಯ ಮೇಲಿನ ತೊಟ್ಟಿಲುಗಳು, ಹೋಟೆಲುಗಳು, ನೀರಿನ ಬಾಟಲಿಗಳು.

ನಾನು ಕೇಳಿದ್ದಕ್ಕೆ ಒಂದು ವಾರದ ಮೇಲೆ ಉತ್ತರ ಬಂತು. ಸಾಮಾನು ಹೊತ್ತು ತರಲು ಬೇರೆಯೇ ಒಂದು ತಂತಿದಾರಿ ಇರುತ್ತದೆ, ಹಿಮದ ಮೇಲೆ ಓಡುವ ಬಂಡಿಗಳಿವೆ, ತೀರ ಒಳಗಿನ ಮನೆಗಳಿಗೆ ಹೆಲಿಕಾಪ್ಟರಿನಲ್ಲಿ ಇಳಿಸುತ್ತಾರೆ. ಅದಕ್ಕೆ ಮುಂಚೆ ಹೇಸರಗತ್ತೆ, ಅದಿಲ್ಲದಲ್ಲಿ ಮನುಷ್ಯರ ಬೆನ್ನು. “ನೀನು ಕೇಳಿದ ಮ್ಯಾಲೆ ಆ ಬಾಟ್ಲಿ ನೀರು ತುಟ್ಟಿ ಅನ್ನಿಸಲಿಲ್ಲ, ದೊಡ್ಡಮ್ಮಾ” ಎಂದಳು.

ನಮ್ಮಲ್ಲಿ ರಜೆಗೆ ಬೆಟ್ಟ ಹತ್ತುವುದನ್ನು ಕಲಿಸಿದವರು ಇಂಗ್ಲಿಷರು. ಊಟಿ, ಶಿಮ್ಲಾ ಎಲ್ಲರಿಗೂ ಗೊತ್ತು. ಬಳ್ಳಾರಿಗೂ ಒಂದು ಇತ್ತೆಂಬುದು ಬಳ್ಳಾರಿಯವರಿಗೇ ಮರೆತಿದೆ. ಸಂಡೂರಿನ ಬೆಟ್ಟಸಾಲಿನಲ್ಲಿರುವ ರಾಮಗಡ, ಇಂಗ್ಲಿಷರ ಕಾಗದಪತ್ರಗಳ ರಾಮನದುರ್ಗ. ಸಂಡೂರು ಆಗ ಘೋರ್ಪಡೆ ಮನೆತನದ ಸಂಸ್ಥಾನ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮದರಾಸು ಸರ್ಕಾರ ಆ ಜಾಗವನ್ನು ಬಳ್ಳಾರಿ ದಂಡಿನ ಕಾಯಿಲೆಯ ಸೈನಿಕರು ಚೇತರಿಸಿಕೊಳ್ಳಲು ಬಳಸಿತು. ದೊರೆಸಾನಿಯರೂ ಮಕ್ಕಳೂ ಬೇಸಗೆಗೆ ಅಲ್ಲಿಗೆ ಹೋಗುತ್ತಿದ್ದರು. ಕೆಳಗೆ ಬಳ್ಳಾರಿ ಕಾದ ಹೆಂಚಿನಂತೆ ಇರುವಾಗ ಮೇಲೆ ತಂಪು ಗಾಳಿ, ಮೇಜಿನ ಮೇಲೆ ಬಿಳಿ ಬಟ್ಟೆ. ಆ ಮೇಜಿಗೆ ಬೇಕಾದ ಹಿಟ್ಟು, ಮಾಂಸ, ಸೌದೆ ಎಲ್ಲ ಕೆಳಗಿನಿಂದ ಹೋಗಬೇಕು. 1888ರಲ್ಲಿ ಫ್ಲೋರಾ ಆ್ಯನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬ ಇಬ್ಬರು ಹೆಂಗಸರು ಹಿಂದೂಸ್ಥಾನದಲ್ಲಿ ಸಂಸಾರ ಮಾಡುವ ದೊರೆಸಾನಿಯರಿಗೆಂದು ಮನೆವಾರ್ತೆಯ ಪುಸ್ತಕ ಬರೆದರು. ಪಂಜಾಬಿನ ಕಡೆಯ ಅನುಭವ ಅವರದು. ಬೆಟ್ಟಕ್ಕೆ ಹೋಗುವಾಗ ಯಾವ ಒಂಟೆಯ ಮೇಲೆ ಏನು ಹೇರಬೇಕೆಂದು ಒಂದೊಂದು ಒಂಟೆಗೂ ಪಟ್ಟಿ ಕೊಟ್ಟಿದ್ದಾರೆ. ಅಚ್ಚುಕಟ್ಟಾದ ಗೃಹಿಣಿಯರು, ಸಂದೇಹವಿಲ್ಲ. ಒಂಟೆಯ ಹಗ್ಗ ಹಿಡಿದು ನಡೆದವನು ಆ ರಾತ್ರಿ ಏನು ಉಂಡ ಎಂಬುದು ಮಾತ್ರ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ರಾಮಗಡದ ಬಂಗಲೆಗಳು ಈಗ ಪಾಳುಗೋಡೆಗಳು.

ನಂದಿಬೆಟ್ಟದ ಕತೆಯೂ ಹೀಗೆಯೇ ಶುರುವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮೀಷನರಾಗಿದ್ದ ಮಾರ್ಕ್ ಕಬ್ಬನ್ ಬೇಸಗೆಗೆಂದು ಅಲ್ಲಿ ಬಂಗಲೆ ಮಾಡಿಕೊಂಡಿದ್ದರು. 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ಏಪ್ರಿಲಿನಿಂದ ಸುಮಾರು ಒಂದೂವರೆ ತಿಂಗಳು ಆ ಬೆಟ್ಟದ ಮೇಲೆ ವಿಶ್ರಾಂತಿ ಪಡೆದರು. 1936ರಲ್ಲಿ ಮತ್ತೆ ಬಂದಿದ್ದರು. ದೊರೆಯ ಮೇಜಿನ ಊಟವಿದ್ದ ಬೆಟ್ಟದಲ್ಲಿ ಆಡಿನ ಹಾಲಿನ ಊಟ. ಈಗ ಭಾನುವಾರ ಬೆಳಗಾಗುವ ಮೊದಲೇ ಬೆಂಗಳೂರಿನಿಂದ ಕಾರುಗಳ ಸಾಲು. ದಾರಿಬದಿಯಲ್ಲಿ ಸೌತೆಕಾಯಿಗೆ ಉಪ್ಪು-ಖಾರ ಹಚ್ಚಿ ಮಾರುವ ಹೆಂಗಸರಿಗೂ ಮಂಗಗಳಿಗೂ ದಿನವಿಡೀ ಜಗಳ.

ಇತ್ತ ನಮ್ಮ ಕಡೆಯ ಗುಡ್ಡಗಳಿಗೆ ಬೇರೆಯದೇ ಗಂಡಾಂತರ. ಸಂಗನಕಲ್ಲು-ಕುಪ್ಪಗಲ್ಲಿನ ಕಡೆ ಕಲ್ಲುಗಣಿಯವರು ಗುಡ್ಡದ ಬದಿಯನ್ನೇ ಕಡಿಯುತ್ತ ಬಂದು, ಸಾವಿರಾರು ವರ್ಷದ ಬಂಡೆಚಿತ್ರಗಳಿಗೂ ಆಪತ್ತು ಒದಗಿತ್ತೆಂದು ಸಂಶೋಧಕರು ಬರೆದಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ 1872ರ ಹೊತ್ತಿಗೆ ಕಂಡುಹಿಡಿದ ಕಲ್ಲುಕೊಡಲಿಯ ಕಾರ್ಖಾನೆ ಇರುವುದು ಅದೇ ಗುಡ್ಡದಲ್ಲಿ. ಚಿತ್ರ ಹೋದರೆ ಯಾರಾದರೂ ಗಲಾಟೆ ಮಾಡುತ್ತಾರೆ. ಅರೆದ ತಗ್ಗಿರುವ ಬಂಡೆ ಒಡೆದು ಜಲ್ಲಿಯಾದರೆ ಕೇಳುವವರಿಲ್ಲ, ಅದು ಏನೆಂದು ಗೊತ್ತಿದ್ದರೆ ತಾನೆ?

ಅದಕ್ಕೇ ನಾನು ಎಂಟನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಗುಡ್ಡಕ್ಕೆ ಕರೆದೊಯ್ಯುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ. ಹೋದ ವರ್ಷ ಗುಡಿಸಲಿನ ವಿಷಯ ಹೇಳಿ ಮುಗಿಸಿದ್ದೆ. ಗಂಡುಹುಡುಗರು ಬೇಟೆ, ಕೊಡಲಿ ಎಂದು ಕೂಗಾಡುತ್ತಿದ್ದರು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, “ಟೀಚರ್, ಇಲ್ಲಿಗೆ ನೀರು ಯಾರು ಹೊರತಿದ್ರೀ?” ಎಂದಳು. ಅವಳ ಓಣಿಗೆ ನಳ ಬರುವ ದಿನ ಅವಳು ಶಾಲೆಗೆ ತಡವಾಗಿ ಬರುತ್ತಾಳೆ. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇರುವುದರಿಂದ ಗೊತ್ತು. ಉತ್ತರವನ್ನು ನಾನು ಹೇಳಲಿಲ್ಲ, ಲೆಕ್ಕ ಹಾಕಿಸಿದೆ. ಐದು ಜನರ ಮನೆ. ಕುಡಿಯಲು, ಅಡಿಗೆಗೆ ಮೂರು ಕೊಡ ಎಂದು ಅವರೇ ಹೇಳಿದರು. ಹಾಗಾದರೆ ಒಂದು ದಿನಕ್ಕೆ ಮೂರು ಸಲ ಇಳಿದು ಹತ್ತಬೇಕು, ತಿಂಗಳಿಗೆ ತೊಂಬತ್ತು ಸಲ. ಸ್ನಾನ, ಬಟ್ಟೆ, ಕರುಗಳ ನೀರು ಬೇರೆ. ಲೆಕ್ಕ ಮುಗಿಯುವ ಹೊತ್ತಿಗೆ ಕೂಗಾಟ ನಿಂತಿತ್ತು.

ಆಮೇಲೆ ಹಳೆಯ ತಗ್ಗನ್ನು ಮುಟ್ಟದೆ, ಪಕ್ಕದ ಬೇರೊಂದು ಹಾಸುಬಂಡೆಯನ್ನು ತೊಳೆದು, ನಾನು ಸೆರಗಿನಲ್ಲಿ ತಂದಿದ್ದ ಹುರಿದ ಹುರುಳಿಯನ್ನು ಅವರ ಮುಂದೆ ಸುರುವಿದೆ. ಗುಂಡುಕಲ್ಲು ಹಿಡಿದು ಸರದಿಯ ಮೇಲೆ ಅರೆದರು. ಗಂಡುಹುಡುಗರನ್ನೂ ಕೂರಿಸಿದೆ. ಮೊಣಕಾಲು ನೋವು ಎಂದು ಮೊದಲು ಎದ್ದವರು ಅವರೇ. ಅರ್ಧ ಗಂಟೆ ಅರೆದ ಮೇಲೆ ಒಂದು ಬೊಗಸೆ ಹಿಟ್ಟಾಯಿತು, ಅದರಲ್ಲಿ ಅಷ್ಟಿಷ್ಟು ಕಲ್ಲಿನ ಪುಡಿಯೂ ಇತ್ತು. ಬೆಲ್ಲ ಬೆರೆಸಿ ನಲವತ್ತು ಮಕ್ಕಳೂ ಒಂದೊಂದು ಚಿಟಿಕೆ ತಿಂದರು. ತಂದಿದ್ದ ನೀರು ಅಷ್ಟರಲ್ಲಿ ಮುಗಿದಿತ್ತು. ಇಬ್ಬರು ಹುಡುಗರು ಖಾಲಿ ಕೊಡ ತೆಗೆದುಕೊಂಡು ಕೆಳಗಿಳಿದರು.